ಹೊಗೆ ಇಲ್ಲದ ಕ್ಯಾಂಪಸ್ಸು, ಗೇಟಿನಾಚೆ ಸಿಗರೇಟ್ ತುಂಡು: ಯಾವ ದಾರಿ ಹಿಡಿದರೆ ಒಳ್ಳೆಯದು?

ಹಾಸನದಂಥ ಊರಿನಲ್ಲಿ ಕಾಲೇಜು ಅಂದರೆ ಬರೀ ಕಾಂಪೌಂಡಿನ ಒಳಗಿನ ಜಾಗವಲ್ಲ. ಗೇಟಿನೆದುರು ಟೀ ಅಂಗಡಿ, ಪಕ್ಕದಲ್ಲಿ ಜೆರಾಕ್ಸ್, ಅದರಾಚೆ ಬಸ್ ಸ್ಟಾಪು, ಆಟೋ ಸ್ಟ್ಯಾಂಡು, ನೆರಳಿಗೆ ಒಂದು ಹೊಂಗೆ ಮರ. ಒಳಗೆ ‘ಧೂಮಪಾನ ನಿಷೇಧ’ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಸೇದುವವರು ಸೇದುವುದನ್ನು ಬಿಡುವುದಿಲ್ಲ. ಎದ್ದು ಆ ಮರದ ಕೆಳಗೆ ಬರುತ್ತಾರೆ. ತುಂಡುಗಳೂ ಅವರ ಜೊತೆ ಹೊರಗೆ ಬರುತ್ತವೆ. ಒಳಗೆ ಗುಡಿಸುವವರು ಕಾಲೇಜಿನ ಸಿಬ್ಬಂದಿ, ರಸ್ತೆ ಗುಡಿಸುವವರು ಪಾಲಿಕೆಯ ಪೌರಕಾರ್ಮಿಕರು. ನಡುವಿನ ನಾಲ್ಕು ಮಾರು ಜಾಗಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ.

ಆ ಜಾಗವನ್ನು ಶುಚಿಯಾಗಿ ಇಡಬೇಕು ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ನೀವು ಪ್ರಾಂಶುಪಾಲರಿರಬಹುದು, ಎನ್‌ಎಸ್‌ಎಸ್ ಅಧಿಕಾರಿ ಇರಬಹುದು, ಎದುರು ಮನೆಯವರಿರಬಹುದು. ಸಾಮಾನ್ಯವಾಗಿ ಎಲ್ಲರೂ ಮೊದಲು ಒಂದು ಡಬ್ಬ ತಂದು ನಿಲ್ಲಿಸುತ್ತಾರೆ, ಇಲ್ಲ ಒಂದು ಪೋಸ್ಟರ್ ಅಂಟಿಸುತ್ತಾರೆ. ಆಮೇಲೆ ಯೋಚನೆ ಮಾಡುತ್ತಾರೆ. ನನ್ನ ಪ್ರಕಾರ ಇದು ತಿರುವುಮುರುವು. ಸಿಗರೇಟನ್ನು ಎಲ್ಲಿ ಕೊಳ್ಳುತ್ತಾರೋ ಅದರ ಸುತ್ತಮುತ್ತಲೇ ತುಂಡು ಬೀಳುತ್ತದೆ. ಅಂಗಡಿ ಎಲ್ಲಿದೆ ಅನ್ನುವುದನ್ನು ಮೊದಲು ಸರಿಮಾಡಿಕೊಂಡರೆ ಉಳಿದ ಉಪಾಯಗಳಿಗೆ ಬೆಲೆ ಬರುತ್ತದೆ.

ಇದು ಉಳಿದ ಕಸದ ಹಾಗಲ್ಲ

ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯ ಹಾಗಿದೆ. ಆದರೆ ಅದು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಒಂದೊಂದು ಫಿಲ್ಟರಿನಲ್ಲಿ ಇಂಥ ಸಣ್ಣ ಎಳೆಗಳು ಸಾವಿರಾರು. ಮಣ್ಣಿನಲ್ಲಿ ಬೇಗ ಕರಗುವುದಿಲ್ಲ, ಒಡೆದು ಇನ್ನೂ ಸಣ್ಣದಾಗುತ್ತದೆ. ಸೇದಿದ ಮೇಲೆ ಅದರೊಳಗೆ ನಿಕೋಟಿನ್ ಇರುತ್ತದೆ, ಟಾರ್ ಇರುತ್ತದೆ, ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಇರುತ್ತವೆ. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಒಂದು ಲೀಟರ್ ನೀರಿಗೆ ಸೇದಿ ಬಿಟ್ಟ ಒಂದು ತುಂಡಿನ ಲೆಕ್ಕದಲ್ಲಿ ನೆನೆಸಿ, ಆ ನೀರಿನಲ್ಲಿ ಸಣ್ಣ ಮೀನು ಬಿಟ್ಟರು. ನಾಲ್ಕು ದಿನದಲ್ಲಿ ಸುಮಾರು ಅರ್ಧದಷ್ಟು ಮೀನು ಸತ್ತವು.

ನಮ್ಮ ಕಡೆ ಈ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ರಸ್ತೆ ಬದಿಯ ತುಂಡು ಮುಂಗಾರಿನ ಮೊದಲ ಜೋರು ಮಳೆಗೆ ಮೋರಿಗೆ ಇಳಿಯುತ್ತದೆ. ಮೋರಿಯಿಂದ ಕೆರೆಗೆ, ಹಳ್ಳಕ್ಕೆ. ಚಿಕ್ಕಮಗಳೂರಿನ ಕಡೆಯಿಂದ ಯಗಚಿ ಬಂದು ಹೇಮಾವತಿಗೆ ಸೇರುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಇದೆ. ಗದ್ದೆಗೂ ಕುಡಿಯುವುದಕ್ಕೂ ನಾವು ನಂಬಿರುವುದು ಇದೇ ನೀರನ್ನು. ಗೇಟಿನ ಮುಂದಿನ ಒಂದು ತುಂಡು ನದಿ ಕೆಡಿಸುವುದಿಲ್ಲ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರ ತಂಬಾಕು ರಹಿತ ದಿನದಂದು ಕೊಟ್ಟ ಲೆಕ್ಕದಂತೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ಫಿಲ್ಟರುಗಳು ಹೀಗೆ ನೆಲಕ್ಕೆ ಬೀಳುತ್ತವೆ. ಎಲ್ಲವೂ ಯಾವುದಾದರೂ ಒಂದು ಗೇಟಿನ ಮುಂದೆ, ಒಂದು ಅಂಗಡಿಯ ಮುಂದೆ ಬಿದ್ದವೇ ಅಲ್ವಾ?

ಬೀಡಿಗೆ ಫಿಲ್ಟರ್ ಇಲ್ಲ. ತೂಪ್ರದ ಎಲೆ, ನೂಲು, ಒಳಗೆ ತಂಬಾಕು. ಎಲೆ ಬೇಗ ಕೊಳೆಯುತ್ತದೆ. ಹಾಗಂತ ಬೀಡಿ ಮೋಟು ಒಳ್ಳೆಯದು ಅಂತಲ್ಲ, ತಂಬಾಕಿನ ವಿಷ ಅದರಲ್ಲೂ ಇದೆ.

ಮೊದಲು ಒಂದು ವಾರ ನೆಲ ನೋಡಿ

ದಿನಾ ಒಂದೇ ಹೊತ್ತಿನಲ್ಲಿ, ಮಧ್ಯಾಹ್ನದ ಊಟದ ಬಿಡುವು ಮುಗಿದ ಮೇಲೆ ಆದರೆ ಒಳ್ಳೆಯದು, ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿ. ಒಂದು ಹಾಳೆಯಲ್ಲಿ ಗೇಟು, ಅಂಗಡಿ, ಮರ, ಸ್ಟಾಪು, ಮೋರಿ ಬರೆದುಕೊಂಡು ಎಲ್ಲೆಲ್ಲಿ ಎಷ್ಟು ತುಂಡು ಅಂತ ಗುರುತು ಹಾಕಿ. ಎಲ್ಲ ಕಡೆ ಸಮನಾಗಿ ಬಿದ್ದಿರುವುದಿಲ್ಲ. ಕೂರಲು ಕಟ್ಟೆ ಇರುವಲ್ಲಿ, ಬೈಕಿಗೆ ಒರಗಿ ನಿಲ್ಲುವಲ್ಲಿ, ಒಳಗೆ ಕಾಲಿಡುವ ಮೊದಲು ಕೊನೆಯ ದಮ್ಮು ಎಳೆಯುವ ಜಾಗದಲ್ಲಿ ರಾಶಿ ಇರುತ್ತದೆ.

ತುಂಡನ್ನೂ ನೋಡಿ. ಫಿಲ್ಟರ್ ಜಾಸ್ತಿಯೋ, ಬೀಡಿ ಮೋಟು ಜಾಸ್ತಿಯೋ? ಗೇಟಿನ ಮುಂದೆ ಸೇದುವವರೆಲ್ಲ ವಿದ್ಯಾರ್ಥಿಗಳೇ ಅಂದುಕೊಳ್ಳುವುದು ತಪ್ಪು. ಆಟೋದವರು, ಕಟ್ಟಡ ಕೆಲಸಕ್ಕೆ ಬಂದವರು, ಅಡ್ಮಿಷನ್ನಿಗೆ ಮಗನನ್ನು ಕರೆದುಕೊಂಡು ಬಂದ ಅಪ್ಪಂದಿರು, ಸಿಬ್ಬಂದಿ, ಎಲ್ಲರೂ ಇರುತ್ತಾರೆ. ಹುಡುಗರಿಗೆ ಅಂತ ಇಂಗ್ಲಿಷಿನಲ್ಲಿ ಅಂಟಿಸಿದ ಪೋಸ್ಟರ್ ಇವರಲ್ಲಿ ಅರ್ಧ ಜನಕ್ಕೆ ಮುಟ್ಟುವುದೇ ಇಲ್ಲ.

ಈ ಹಾಳೆ ಜೋಪಾನ. ಮುಂದೆ ಏನೇ ಮಾಡಿದರೂ ಉಪಯೋಗ ಆಯಿತೋ ಇಲ್ಲವೋ ಅಂತ ಗೊತ್ತಾಗುವುದು ಇದರಿಂದಲೇ.

ದಾರಿ 1: ಇನ್ನೂ ಜಾಸ್ತಿ ಗುಡಿಸುವುದು

ಸುಲಭ, ಯಾರ ಅನುಮತಿಯೂ ಬೇಡ. ಆದರೆ ಗೇಟಿನ ಮುಂದೆ ಇಂಟರ್‌ಲಾಕ್ ಕಲ್ಲು ಹಾಕಿದ್ದರೆ ಒಮ್ಮೆ ಬಗ್ಗಿ ನೋಡಿ. ಎರಡು ಕಲ್ಲಿನ ಸಂದಿಯಲ್ಲಿ ಫಿಲ್ಟರ್ ಉದ್ದಕ್ಕೆ ಕೂತಿರುತ್ತದೆ. ಚಪ್ಪಲಿಯಡಿ ತುಳಿದು ತುಳಿದು ಚಪ್ಪಟೆಯಾಗಿ, ಮೇಲಿನ ಕಾಗದ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಕಡ್ಡಿ ಪೊರಕೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಮಳೆ ಬಂದ ಮೇಲಂತೂ ಕಲ್ಲಿಗೇ ಅಂಟಿಕೊಂಡುಬಿಡುತ್ತದೆ. ಗುಡಿಸುವ ಅಕ್ಕ ಒಂದೊಂದನ್ನೂ ಬಗ್ಗಿ ಬೆರಳಿನಿಂದ ಕೀಳಬೇಕು. ಬೇರೆಯವರು ಎಸೆದಿದ್ದಕ್ಕೆ ಅವರ ಸೊಂಟ ಯಾಕೆ ಬಗ್ಗಬೇಕು? ಗುಡಿಸುವುದು ಇರಲೇಬೇಕು. ಅದೊಂದನ್ನೇ ನೆಚ್ಚಿಕೊಳ್ಳುವುದು ಬೇಡ.

ದಾರಿ 2: ಬೂದಿ ಡಬ್ಬ

ಇದರಲ್ಲಿ ಕಾನೂನಿನ ಮಾತಿದೆ, ತಿಳಿದುಕೊಂಡೇ ಹೆಜ್ಜೆ ಇಡಿ. 2003ರ ತಂಬಾಕು ನಿಯಂತ್ರಣ ಕಾಯ್ದೆಯನ್ನು ಎಲ್ಲರೂ ಕೋಟ್ಪಾ ಅಂತ ಕರೆಯುತ್ತಾರೆ. ಅದರ ಪ್ರಕಾರ ಶಿಕ್ಷಣ ಸಂಸ್ಥೆ ಸಾರ್ವಜನಿಕ ಸ್ಥಳ. 2008ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವಂತೆಯೇ ಇಲ್ಲ. ಅಂದರೆ ಕಾಂಪೌಂಡಿನ ಒಳಗೆ ಬೂದಿ ಡಬ್ಬದ ಮಾತೇ ಇಲ್ಲ. ‘ಮೂಲೆಯಲ್ಲಿ ಒಂದು ಸ್ಮೋಕಿಂಗ್ ಕಾರ್ನರ್ ಮಾಡಿಬಿಡೋಣ’ ಅನ್ನುವವರೂ ಇದ್ದಾರೆ. ಮೂಲ ಕಾಯ್ದೆ ಆ ಅವಕಾಶ ಕೊಟ್ಟಿದ್ದು ದೊಡ್ಡ ಹೋಟೆಲ್, ರೆಸ್ಟೋರೆಂಟ್, ವಿಮಾನ ನಿಲ್ದಾಣಗಳಿಗೆ. ಕಾಲೇಜಿಗೆ ಅಲ್ಲ.

ಹೊರಗಿನ ಬಯಲು ರಸ್ತೆಗೆ ಈ ನಿಷೇಧ ಇಲ್ಲ. ಆದರೆ ಬಸ್ ಸ್ಟಾಪ್ ಬಯಲಿನಲ್ಲಿದ್ದರೂ ಅದನ್ನು ಸಾರ್ವಜನಿಕ ಸ್ಥಳ ಅಂತಲೇ ನಿಯಮ ಎಣಿಸುತ್ತದೆ. ಗೇಟಿಗೆ ಅಂಟಿಕೊಂಡ ಸ್ಟಾಪಿನ ಕಂಬಕ್ಕೆ ಡಬ್ಬ ಕಟ್ಟುವುದು ಬಹಳ ಕಡೆ ಮೊದಲು ಹೊಳೆಯುವ ಉಪಾಯ. ಅದೇ ತಪ್ಪು ಜಾಗ.

ಇನ್ನು ಗೇಟಿನ ಪಕ್ಕ? ಕಾನೂನು ತಡೆಯದಿದ್ದರೂ ನಾನು ಬೇಡ ಅನ್ನುತ್ತೇನೆ. ಡಬ್ಬ ಇಟ್ಟಲ್ಲಿ ಜನ ನಿಲ್ಲುತ್ತಾರೆ. ಪಿಯುಸಿ ಮುಗಿಸಿ ಬಂದ ಹದಿನೆಂಟರ ಮಕ್ಕಳು ದಿನಾ ಆ ಗುಂಪನ್ನು ದಾಟಿ ಒಳಗೆ ಹೋಗಬೇಕಾಗುತ್ತದೆ. ಹೊಗೆ ಬೇಡ ಅಂತ ಹೇಳಿ, ಬಾಗಿಲಲ್ಲೇ ಹೊಗೆಗೆ ಜಾಗ ಮಾಡಿಕೊಟ್ಟ ಹಾಗೆ ಆಗುತ್ತದೆ. ಡಬ್ಬ ಇರಬೇಕಾದ್ದು ಅಂಗಡಿ ಇರುವ ಕಡೆ. ಅಂಗಡಿ ಎಲ್ಲಿರಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಡಬ್ಬ ಇಡುವುದೇ ಆದರೆ ಕೆಲವು ವಿಷಯ. ತಗಡಿನದ್ದೇ ಇರಲಿ, ಪ್ಲಾಸ್ಟಿಕ್ ಬೇಡ. ಮೇಲೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಮುಂಗಾರಿಗೆ ತುಂಬಿ ಅದೇ ವಿಷದ ನೀರು ಮೋರಿಗೆ ಹರಿಯುತ್ತದೆ. ತೂತು ಬೆರಳು ಹೋಗುವಷ್ಟೇ ಇರಲಿ. ದೊಡ್ಡ ಬಾಯಿ ಇಟ್ಟರೆ ಟೀ ಕಪ್ಪು, ಚಿಪ್ಸ್ ಕವರ್ ಎಲ್ಲ ಒಳಗೆ ಬಿದ್ದು ಹೊತ್ತಿಕೊಳ್ಳುತ್ತದೆ. ಕಪ್ಪಿಗೆ ಪಕ್ಕದಲ್ಲೇ ಬೇರೆ ಬುಟ್ಟಿ ಇಡಿ. ತಳದಲ್ಲಿ ಮರಳು ಹಾಕಿ, ನೀರು ಹಾಕಬೇಡಿ. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಚೆಲ್ಲುವಾಗ ಎಲ್ಲಿ ಚೆಲ್ಲುವುದು ಅನ್ನುವ ತಲೆನೋವು ಬೇರೆ. ಊರಿನ ಯಾವ ವೆಲ್ಡಿಂಗ್ ಶಾಪಿನಲ್ಲಾದರೂ ಹಳೆಯ ಎಣ್ಣೆ ಡಬ್ಬಕ್ಕೆ ತೂತು, ಬೀಗದ ಪಟ್ಟಿ, ಕಾಲು ಹಾಕಿಕೊಡುತ್ತಾರೆ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಬೀಗದ ಕೈ ಯಾರ ಹತ್ತಿರ? ಖಾಲಿ ಮಾಡುವವರು ಯಾರು ಅಂತ ಗೊತ್ತಿಲ್ಲದೆ ಡಬ್ಬ ಇಡಬೇಡಿ. ತುಂಬಿದ ಡಬ್ಬದ ಸುತ್ತ ಡಬ್ಬ ಇಲ್ಲದಾಗಿನಕ್ಕಿಂತ ಜಾಸ್ತಿ ತುಂಡು ಬೀಳುತ್ತದೆ. ತೆಗೆದಿದ್ದನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಏನಿದೆ ಅಂತ ಹೇಳಿಯೇ ಕಸದ ಗಾಡಿಗೆ ಕೊಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ತೋಟದ ಮೂಲೆಯಲ್ಲಿ ಸುಡುವುದಂತೂ ಬೇಡವೇ ಬೇಡ.

ದಾರಿ 3: ಅಂಗಡಿಯವರ ಜೊತೆ ಮಾತು

ನಾನು ಮೊದಲು ಆರಿಸುವುದು ಇದನ್ನೇ. ಶಿಕ್ಷಣ ಸಂಸ್ಥೆಯ ಸುತ್ತ 100 ಗಜದ ಒಳಗೆ ತಂಬಾಕು ಮಾರುವಂತಿಲ್ಲ ಅಂತ ಕೋಟ್ಪಾ ಮೊದಲೇ ಹೇಳಿತ್ತು. ಕರ್ನಾಟಕ ಆ ಕಾಯ್ದೆಗೆ ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಈಗ ಅದು 100 ಮೀಟರ್. ತಂಬಾಕು ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ ಏರಿದೆ. ಡಿಗ್ರಿ ಓದುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇನ್ನೂ 21 ಆಗಿರುವುದಿಲ್ಲ ಅನ್ನುವುದನ್ನು ನೆನಪಿಡಿ. ಬಿಡಿ ಸಿಗರೇಟ್ ಮಾರುವುದನ್ನೂ ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಅಳತೆ ಗೇಟಿನಿಂದ ಅಲ್ಲ, ಕಾಂಪೌಂಡು ಗೋಡೆಯ ಹೊರ ಅಂಚಿನಿಂದ. ಗೇಟಿನಿಂದ ದೂರ ಇದ್ದೇನೆ ಅಂದುಕೊಂಡ ಅಂಗಡಿ, ಹಿಂದಿನ ಗೋಡೆಗೆ ಹತ್ತಿರ ಇರಬಹುದು. ಕೇಂದ್ರ ಸರ್ಕಾರದ ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿಯಲ್ಲೂ ಈ ಎಲ್ಲೆಯನ್ನು ಗುರುತು ಮಾಡಿ ಅಂತಿದೆ. ರಸ್ತೆಯ ಮೇಲೆ ಹಳದಿ ಗೆರೆ ಎಳೆದು ‘ತಂಬಾಕು ಮುಕ್ತ ಪ್ರದೇಶ’ ಅಂತ ಬರೆಯುವುದು ಈ ಕಾರಣಕ್ಕೆ. ಅದೇ ಮಾರ್ಗಸೂಚಿಯ ಅಂಕಪಟ್ಟಿಯಲ್ಲಿ ಇನ್ನೊಂದು ಅಂಶ ಇದೆ. ಆವರಣದೊಳಗೆ ಸಿಗರೇಟ್, ಬೀಡಿ ತುಂಡು ಕಾಣಬಾರದು. ನೆಲದ ಮೇಲಿನ ತುಂಡೇ ಸಾಕ್ಷಿ.

ಆದರೆ ಕಾನೂನಿನ ಪ್ರತಿ ಹಿಡಿದುಕೊಂಡು ಹೋಗಿ ಅಂಗಡಿಯವರ ಮುಂದೆ ಆಡಿಸಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕಾಯಿಸುವ ಜನ ಅವರು. ನಿಮ್ಮ ಮಕ್ಕಳಿಗೆ ಟೀ, ಬನ್ನು ಕೊಟ್ಟು ಸಾಲವನ್ನೂ ಬರೆದುಕೊಳ್ಳುತ್ತಾರೆ. ಟೀ ಹೇಳಿ, ಕೂತು ಮಾತಾಡಿ. ಬರುವ ಉತ್ತರ ಸಾಮಾನ್ಯವಾಗಿ ಇದೇ: ‘ನಾನ್ ನಿಲ್ಲಿಸ್ತೀನಿ ಸಾರ್, ಆಚೆ ಅಂಗಡಿಯವ್ರು ಮಾರ್ತಾರಲ್ಲ. ಗಿರಾಕಿ ಅಲ್ಲಿಗೆ ಹೋಯ್ತಾರೆ, ನನ್ ಟೀನೂ ಹೋಯ್ತದೆ.’ ಅವರ ಮಾತು ನ್ಯಾಯವಾಗಿದೆ. ಅದಕ್ಕೇ ಒಬ್ಬರನ್ನು ಹಿಡಿಯಬೇಡಿ, ಎಲ್ಲರನ್ನೂ ಒಂದೇ ದಿನ ಕೂರಿಸಿ. ಒಂದು ತಾರೀಖು ಗೊತ್ತುಮಾಡಿ. ಆ ದಿನದಿಂದ ಗೆರೆಯೊಳಗೆ ಯಾರೂ ಮಾರುವುದಿಲ್ಲ ಅಂತ ಎಲ್ಲರ ಎದುರೇ ಮಾತಾಗಲಿ. ಕಾಲೇಜಿನ ಕಾರ್ಯಕ್ರಮಕ್ಕೆ ಟೀ, ತಿಂಡಿ ಇವರಿಂದಲೇ ತರಿಸಿದರೆ ಹೋದ ವ್ಯಾಪಾರ ಸ್ವಲ್ಪವಾದರೂ ತುಂಬುತ್ತದೆ. ಇಷ್ಟಾದ ಮೇಲೂ ಒಪ್ಪದಿದ್ದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ, ಪೊಲೀಸರಿಗೆ, ಪಾಲಿಕೆಗೆ ಬರೆದುಕೊಡಿ.

ಗೆರೆಯಾಚೆ ಮಾರುವ ಅಂಗಡಿ ಇದ್ದೇ ಇರುತ್ತದೆ. ಬೂದಿ ಡಬ್ಬ ಅಲ್ಲಿಗೆ ಹೋಗಲಿ. ಕೈ ಚಾಚಿದರೆ ಸಿಗುವಂತೆ, ಟೀ ಲೋಟ ಇಡುವ ಹಲಗೆಯ ಪಕ್ಕ. ಬೀಗದ ಕೈ ಅಂಗಡಿಯವರಿಗೆ, ತುಂಬಿದ ಕವರ್ ಎತ್ತುವ ಹೊಣೆ ಕಾಲೇಜಿಗೆ. ಹೀಗೆ ಹಂಚಿಕೊಂಡರೆ ಬಹಳ ದಿನ ಬಾಳುತ್ತದೆ.

ದಾರಿ 4: ದಂಡ

ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಮೊದಲು 200 ರೂಪಾಯಿವರೆಗೆ ದಂಡ ಇತ್ತು. ಕರ್ನಾಟಕದಲ್ಲಿ ಈಗ 1,000 ರೂಪಾಯಿವರೆಗೆ. ಆವರಣದೊಳಗೆ ದಂಡ ಹಾಕುವ ಅಧಿಕಾರ ಪ್ರಾಂಶುಪಾಲರಿಗೂ ಇದೆ. ಶೌಚಾಲಯದ ಹಿಂದೆ, ಪಾರ್ಕಿಂಗಿನಲ್ಲಿ ಸೇದುವುದಕ್ಕೆ ಇದು ಸರಿಯಾದ ಮದ್ದು. ಹೊರಗಿನ ತುಂಡಿಗೆ ಇದರಿಂದ ಪ್ರಯೋಜನ ಕಮ್ಮಿ. ಒಳಗೆ ಬಿಗಿ ಮಾಡಿದಷ್ಟೂ ಹೊರಗೆ ಬೀಳುತ್ತದೆ. ಹಾಗಾಗಿ ಅಂಗಡಿಯ ವಿಷಯ ಮುಗಿಯುವ ಮೊದಲು ದಂಡಕ್ಕೆ ಕೈ ಹಾಕಬೇಡಿ. ಬೋರ್ಡಿನಲ್ಲಿ ಯಾರಿಗೆ ದೂರು ಕೊಡಬೇಕು ಅಂತ ಹೆಸರು ಬರೆದಿರಬೇಕು ಅನ್ನುವುದೂ ನಿಯಮ. ಬಹಳ ಕಡೆ ಆ ಸಾಲು ಖಾಲಿ ಇರುತ್ತದೆ. ತುಂಬಿಸಿ.

ದಾರಿ 5: ಎನ್‌ಎಸ್‌ಎಸ್ ಶ್ರಮದಾನ

ಅಕ್ಟೋಬರ್ 2ರಂದು ಗುಡಿಸಿ, ಫೋಟೋ ತೆಗೆದು ಮನೆಗೆ ಹೋದರೆ ಮೂರನೇ ತಾರೀಖು ಮತ್ತೆ ಅಷ್ಟೇ ತುಂಡು. ಶ್ರಮದಾನದ ನಿಜವಾದ ಲಾಭ ಎಣಿಕೆಯಲ್ಲಿದೆ. ಮೇಲೆ ಹೇಳಿದ ಹಾಳೆಯನ್ನು ತುಂಬಲು ಎನ್‌ಎಸ್‌ಎಸ್ ಮಕ್ಕಳಿಗಿಂತ ಒಳ್ಳೆಯವರು ಸಿಗುವುದಿಲ್ಲ. ತಾವೇ ಎಣಿಸಿದ ಮೇಲೆ ಗೆಳೆಯನ ಕೈಯಲ್ಲಿರುವ ಸಿಗರೇಟಿನ ಬಗ್ಗೆ ಅವನಿಗೇ ನೇರವಾಗಿ ಹೇಳುವ ಧೈರ್ಯವೂ ಬರುತ್ತದೆ.

ಒಂದು ಎಚ್ಚರಿಕೆ. ಬರಿಗೈಯಲ್ಲಿ ಹೆಕ್ಕಿಸಬೇಡಿ. ನಮ್ಮ ಜಿಲ್ಲೆಯಲ್ಲೇ ತಂಬಾಕು ಬೆಳೆಯುತ್ತಾರೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಒದ್ದೆ ಎಲೆ ಮುರಿದರೆ ತಲೆ ಸುತ್ತು, ವಾಂತಿ ಬರಬಹುದು. ನಿಕೋಟಿನ್ ನೀರಿನ ಜೊತೆ ಚರ್ಮದ ಮೂಲಕ ಒಳಗೆ ಹೋಗುವುದರಿಂದ ಹಾಗಾಗುತ್ತದೆ. ಮಳೆಯಲ್ಲಿ ನೆಂದ ತುಂಡಿನಲ್ಲಿರುವುದೂ ಅದೇ ನಿಕೋಟಿನ್. ಕೈಗೆ ಗ್ಲೌಸ್, ಉದ್ದ ಹಿಡಿಯ ಇಕ್ಕಳ ಕೊಡಿ, ಕೆಲಸ ಆದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ. ದಿನಾ ಗುಡಿಸುವ ಪೌರಕಾರ್ಮಿಕರಿಗೆ ಇದೇ ಗ್ಲೌಸ್, ಇದೇ ಇಕ್ಕಳ ಮೊದಲು ಸಿಗಬೇಕು.

ಇನ್ನುಳಿದವು

ಜೇಬಿನ ಡಬ್ಬಿ: ಮುಚ್ಚಳ ಬಿಗಿಯಾಗಿರುವ ಸಣ್ಣ ತಗಡಿನ ಡಬ್ಬಿಯಲ್ಲಿ ತುಂಡು ಆರಿಸಿ ಇಟ್ಟುಕೊಳ್ಳುವುದು. ಸೇದುವ ಸಿಬ್ಬಂದಿಗೆ, ಆಟೋದವರಿಗೆ ಒಳ್ಳೆಯದು. ಖರ್ಚಿಲ್ಲ. ಆದರೆ ಅವರವರ ಮನಸ್ಸಿಗೆ ಬಿಟ್ಟಿದ್ದು.

ಮತ ಹಾಕುವ ಡಬ್ಬ: 2015ರಲ್ಲಿ ಲಂಡನ್ನಿನ ರಸ್ತೆಯೊಂದರಲ್ಲಿ ‘ರೊನಾಲ್ಡೋನಾ, ಮೆಸ್ಸಿಯಾ?’ ಅಂತ ಕೇಳಿ ಎರಡು ತೂತಿನ ಗಾಜಿನ ಡಬ್ಬ ಇಟ್ಟಿದ್ದರು. ತುಂಡು ಹಾಕಿದರೆ ಅದೇ ಮತ. ನಮ್ಮಲ್ಲಿ ‘ರಾಗಿ ಮುದ್ದೆನಾ, ಅಕ್ಕಿ ರೊಟ್ಟಿನಾ?’ ಅಂತ ಕೇಳಬಹುದು. ಬಸ್ ಸ್ಟ್ಯಾಂಡಿನಿಂದ ದೂರದ ಸಂತೆ ಬೀದಿಗೆ ಸರಿ ಹೋದೀತು. ಕಾಲೇಜಿನ ಹತ್ತಿರ ಬೇಡ, ಸೇದದ ಮಕ್ಕಳಿಗೂ ಅದು ಆಟದ ಹಾಗೆ ಕಾಣುತ್ತದೆ.

ಮರುಬಳಕೆ: ನೋಯ್ಡಾದ ಕೋಡ್ ಎಫರ್ಟ್ ಅನ್ನುವ ಸಂಸ್ಥೆ ಫಿಲ್ಟರನ್ನು ಶುಚಿ ಮಾಡಿ ಗೊಂಬೆಗಳಿಗೆ ತುಂಬುವ ಹತ್ತಿಯಂಥ ವಸ್ತು ಮಾಡುತ್ತದೆ. ಕೆಲಸ ಒಳ್ಳೆಯದೇ. ಆದರೆ ಹಾಸನದ ಒಂದೇ ಕಾಲೇಜು ತನ್ನ ಡಬ್ಬದ ಕಸವನ್ನು ಅಷ್ಟು ದೂರ ಕಳಿಸುವುದು ಹೊಂದುವುದಿಲ್ಲ. ಊರಿನ ಕಾಲೇಜುಗಳು, ಹೋಟೆಲುಗಳು ಒಟ್ಟಾದರೆ ಆಗ ವಿಚಾರಿಸಬಹುದು.

ಹಾಗಾದರೆ ನಿಮ್ಮ ಗೇಟಿಗೆ ಯಾವುದು?

ತುಂಡುಗಳ ರಾಶಿ ಅಂಗಡಿಯ ಸುತ್ತ ಇದ್ದು, ಅಂಗಡಿ ಗೆರೆಯೊಳಗೆ ಇದ್ದರೆ ಮೂರನೇ ದಾರಿ, ಬೇರೆ ಮಾತಿಲ್ಲ. ಡಬ್ಬಕ್ಕೆ ಇಟ್ಟ ದುಡ್ಡನ್ನು ಹಳದಿ ಬಣ್ಣಕ್ಕೆ ಹಾಕಿ. ಅಂಗಡಿ ಈಗಾಗಲೇ ಗೆರೆಯಾಚೆ ಇದ್ದರೆ ಅಲ್ಲೊಂದು ಡಬ್ಬ, ಅದನ್ನು ನೋಡಿಕೊಳ್ಳಲು ಒಬ್ಬರು. ಬಸ್ ಸ್ಟಾಪಿನಲ್ಲಿ ಬೀಳುತ್ತಿದ್ದರೆ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡು, ಬಸ್ಸು ಬರುವ ಹೊತ್ತಿಗೆ ಪೊಲೀಸರು ಆಗಾಗ ಒಂದು ಸುತ್ತು ಬರಲಿ ಅಂತ ಠಾಣೆಗೆ ಮನವಿ. ಬೀಡಿ ಮೋಟು ಜಾಸ್ತಿ ಇದ್ದರೆ ಆಟೋ ಸ್ಟ್ಯಾಂಡಿನ ಸಂಘದವರ ಜೊತೆ, ಕಟ್ಟಡದ ಮೇಸ್ತ್ರಿ ಜೊತೆ ಮಾತು, ಅವರಿಗೆ ಜೇಬಿನ ಡಬ್ಬಿ. ಒಳಗೇ ತುಂಡು ಸಿಗುತ್ತಿದ್ದರೆ ದಂಡ, ಆದರೆ ದಂಡದ ರಸೀದಿಯ ಜೊತೆ ಬಿಡುವ ದಾರಿಯನ್ನೂ ಕೊಡಿ. ಸೇದುವ ಹುಡುಗ ಮೊದಲು ನಮ್ಮ ಹುಡುಗ, ಆಮೇಲೆ ತಪ್ಪು ಮಾಡಿದವನು. ಬಿಡಬೇಕು ಅನ್ನುವವರಿಗೆ 1800-11-2356 ಅನ್ನುವ ಉಚಿತ ಸಹಾಯವಾಣಿ ಇದೆ, ಪ್ಯಾಕಿನ ಮೇಲೂ ಈ ನಂಬರ್ ಅಚ್ಚಾಗಿರುತ್ತದೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲಿಗೆ ಸಂದೇಶಗಳ ಮೂಲಕ ನೆರವು ಬರುತ್ತದೆ.

ಇನ್ನೊಂದು, ಹೊತ್ತು. ಫೆಬ್ರವರಿ, ಮಾರ್ಚಿನಲ್ಲಿ ಕಾಂಪೌಂಡಿನ ಪಕ್ಕದ ಹುಲ್ಲು ಒಣಗಿರುತ್ತದೆ, ಆರದ ಒಂದು ತುಂಡು ಸಾಕು. ಜನವರಿಯಲ್ಲೇ ಹುಲ್ಲು ಕೊಯ್ಸಿ. ಮೋರಿಯ ಜಾಲರಿಯ ಮೇಲೆ ಸೇರಿರುವ ತುಂಡುಗಳನ್ನು ಮೇ ಮಧ್ಯದೊಳಗೆ, ಮುಂಗಾರು ಹಿಡಿಯುವ ಮೊದಲು ತೆಗೆಸಿ. ಅಂಗಡಿಯವರ ಜೊತೆ ಮಾತಿಗೆ ರಜೆಯ ದಿನಗಳು ಒಳ್ಳೆಯವು, ವ್ಯಾಪಾರ ಕಮ್ಮಿ ಇರುವಾಗ ಅವರಿಗೂ ಕೂತು ಮಾತಾಡಲು ಬಿಡುವಿರುತ್ತದೆ. ಹೊಸ ವರ್ಷದ ತರಗತಿ ಶುರುವಾಗುವ ದಿನವನ್ನೇ ಮಾರಾಟ ನಿಲ್ಲಿಸುವ ತಾರೀಖು ಅಂತ ಇಟ್ಟುಕೊಳ್ಳಿ. ಅದಾಗಿ ಒಂದು ತಿಂಗಳಿಗೆ ಅದೇ ಹಾಳೆ ಹಿಡಿದು, ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ. ಯಾವ ಜಾಗದಲ್ಲಿ ಇಳಿದಿಲ್ಲವೋ ಆ ಜಾಗಕ್ಕೆ ಮಾತ್ರ ಬೇರೆ ದಾರಿ ಹುಡುಕಿ.